ಕಾರಲ್ಲಿ ಅಜ್ಜ-ಅಜ್ಜಿ, ಡಿಕ್ಕಿಯಲ್ಲಿ ಮದುಮಗಳು

ಬಿಇ ಓದುವಾಗ ‘ಮಲೆಗಳಲ್ಲಿ ಮದುಮಗಳು’ ಹಿಡಿದು ಕೂತವ ನೂರನೇ ಪುಟದ ಹತ್ತಿರ ಕೈಬಿಟ್ಟಿದ್ದೆ. ಯಾಕೆ ಅಂತ ಕೇಳಿದ ರೂಮ್‌ಮೇಟಿಗೆ, “ಕಥೆ ಮುಂದಕ್ಕೇ ಹೋಗಲ್ಲ ಮಾರಾಯ. ದಾರೀಲಿ ಸಿಕ್ಕಿದವರ ಹಿಂದೆಲ್ಲ ಹೋಗಿಬಿಡುತ್ತೆ” ಅಂದಿದ್ದೆ. ಹೀಗೆ ಹೇಳಿದವ ಕೊಪ್ಪ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದವ ಅನ್ನೋದು ನಾಚಿಕೆಯ ವಿಷಯ. ಕುವೆಂಪು ಹುಟ್ಟಿದ್ದೂ ನಮ್ಮ ತಾಲ್ಲೂಕಿನಲ್ಲೇ, 1904ರಲ್ಲಿ, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಆ ಕಾದಂಬರಿಯನ್ನು ಹೇಗೆ ಓದಬೇಕು ಅಂತ ನನಗೆ ಗೊತ್ತಾಗಿದ್ದು ಈ ವರ್ಷ. ಹೇಳಿಕೊಟ್ಟವರು ಯಾವ ವಿಮರ್ಶಕರೂ ಅಲ್ಲ, ಎಂಬತ್ತಾರು ದಾಟಿದ ಅಜ್ಜ ಮತ್ತು ಎಂಬತ್ತರ ಹತ್ತಿರದ ಅಜ್ಜಿ. ಇಬ್ಬರೂ ಅದನ್ನು ಓದಿದವರಲ್ಲ.

ಅಡಿಕೆ ಕೊಯ್ಲು ಮುಗಿದ ಮೇಲೆ ಇಬ್ಬರನ್ನೂ ಕಾರಲ್ಲಿ ಕೂರಿಸಿಕೊಂಡು ಎರಡು ದಿನ ಸುತ್ತಿಸೋದು ಅಂತ ಇತ್ತು. ಮೊದಲ ದಿನ ಶೃಂಗೇರಿ, ಮರುದಿನ ನರಸಿಂಹರಾಜಪುರ. ನಮ್ಮ ಕೆಲಸದವರಿಗೆ ಅಂಟಿದ ಚಾಳಿ ನೋಡಿ, ಎಕ್ಸೆಲ್ ಶೀಟ್ ಮಾಡಿದ್ದೆ. ಎಷ್ಟು ಗಂಟೆಗೆ ಎಲ್ಲಿ, ಎಲ್ಲಿ ತಿಂಡಿ, ಎಲ್ಲಿ ಫೋಟೋ. ಅದಕ್ಕೆ ಮಲೆನಾಡಿನ ಬಗ್ಗೆ ಬರುವ ಹತ್ತಾರು ಪ್ರವಾಸ ಲೇಖನಗಳನ್ನೂ ಓದಿದ್ದೆ. ಮದುಮಗಳು ಡಿಕ್ಕಿಯಲ್ಲಿದ್ದಳು, ರಾತ್ರಿ ಓದೋಣ ಅಂತ.

ಆ ಲೇಖನಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮಂಜು, ಹಸಿರು, ಜಲಪಾತ, ನೀರ್‌ದೋಸೆ. ಎಷ್ಟು ಕಿಲೋಮೀಟರ್, ಯಾವ ತಿಂಗಳು ಒಳ್ಳೇದು. ಓದಿದರೆ ನಮ್ಮೂರಿನಲ್ಲಿ ಜನವೇ ಇಲ್ಲ ಅನ್ನಿಸುತ್ತೆ, ಇದ್ದರೂ ಬಾಳೆಲೆಯಲ್ಲಿ ಊಟ ಬಡಿಸೋದಕ್ಕೆ ಇರುವವರು. ಒಂದರಲ್ಲೂ ಒಂದು ಮುಖ್ಯ ಮಾಹಿತಿ ಇರಲಿಲ್ಲ. ಅದು ನನಗೆ ಹೊಳೆದದ್ದು ಹರಿಹರಪುರ ದಾಟಿದ ಮೇಲೆ. ಬಿಸಿಲಿತ್ತು, ನೀರಿನ ಬಾಟಲಿ ಕೊಟ್ಟೆ. ಅಜ್ಜಿ ತುಟಿ ಒದ್ದೆ ಮಾಡಿಕೊಂಡು ವಾಪಸ್ ಕೊಟ್ಟಳು. ಎರಡನೇ ಸಲವೂ ಹಾಗೇ. ಯಾಕೆ ಅಂದಿದ್ದಕ್ಕೆ, “ಕುಡುದ್ರೆ ದಾರೀಲಿ ಎಲ್ಲಿಗೆ ಹೋಗದು? ಬೆಳಗ್ಗಿಂದ ಕುಡುದಿಲ್ಲ ನಾನು” ಅಂದಳು. ಕಾರಿನ ಎಸಿ, ಸೀಟಿಗೊಂದು ದಿಂಬು, ವಾಂತಿ ಬಂದರೆ ನಿಂಬೆಹಣ್ಣು, ಎಲ್ಲ ಯೋಚಿಸಿದ್ದ ನಾನು ಇದನ್ನು ಯೋಚಿಸಿರಲಿಲ್ಲ. ಮುಂದೆ ಒಂದು ಹೋಟೆಲಲ್ಲಿ ಕೇಳಿದರೆ ಹಿಂದುಗಡೆ ಇದೆ ಅಂದರು. ಹಿಂದುಗಡೆ ಅಂದರೆ ಎಂಟು ಮೆಟ್ಟಿಲು ಇಳಿದು, ಅದೂ ಜಾರುವ ಕಲ್ಲು. ಅಜ್ಜಿ ಮೇಲಿಂದಲೇ ನೋಡಿ ಕಾರಿಗೆ ವಾಪಸ್ ಬಂದಳು. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಯಾರಾದರೂ ಪ್ರವಾಸ ಲೇಖನ ಬರೆದರೆ ಜಲಪಾತ ಬಿಡಿ, ಇದರಿಂದ ಶುರುಮಾಡಿ.

ಶೀಟು ಕೆಟ್ಟದ್ದು ಅಜ್ಜನಿಂದ. ಪ್ರತಿ ತಿರುವಿಗೂ ಅವರ ಹತ್ತಿರ ಒಂದು ಕಥೆ. ಇಲ್ಲಿ ಯಾರದೋ ಗಾಡಿ ಮಗುಚಿತ್ತು, ಈ ಮನೆಗೆ ನಮ್ಮ ಚಿಕ್ಕಮ್ಮನ್ನ ಕೇಳಿದ್ರು, ಕೊಡಲಿಲ್ಲ, ಯಾಕೆ ಕೊಡಲಿಲ್ಲ ಅಂದ್ರೆ... ಅಷ್ಟರಲ್ಲಿ ಕಾರು ಮುಂದಿನ ತಿರುವಿಗೆ ಬಂದಿರುತ್ತಿತ್ತು. ಅಲ್ಲಿ ಬೇರೆ ಕಥೆ. ಹಿಂದಿನದು ಅರ್ಧಕ್ಕೇ ನಿಂತಿತು. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಹೋದರೂ ಕಥೆಗೆ ಕಾರು ಜೋರಾಯಿತು. ಅವು ನಡೆದು ಹೋಗುವವರ ವೇಗಕ್ಕೆ ಹುಟ್ಟಿದ ಕಥೆಗಳು. ಒಂದು ಮನೆಯಿಂದ ಇನ್ನೊಂದು ಮನೆ ಕಾಣುವಷ್ಟರಲ್ಲಿ ಒಂದು ಮುಗಿಯಬೇಕು.

ಆಗ ನೆನಪಾಯಿತು ನಾನು ನೂರನೇ ಪುಟಕ್ಕೆ ಬಿಟ್ಟಿದ್ದ ಪುಸ್ತಕ. ಮದುಮಗಳು ಹೀಗೇ ಇದೆ. ಒಬ್ಬ ಕಾಡುದಾರಿಯಲ್ಲಿ ಹೋಗುತ್ತಾನೆ, ಎದುರಿಗೆ ಇನ್ನೊಬ್ಬ ಸಿಗುತ್ತಾನೆ, ಕಥೆ ಅವನ ಮನೆಗೆ ಹೋಗಿಬಿಡುತ್ತೆ. ನಾನು ಅದನ್ನು ದೋಷ ಅಂದುಕೊಂಡಿದ್ದೆ, ಅದೇ ಅದರ ಕಟ್ಟೋಣ. ಏಳುನೂರರ ಆಸುಪಾಸಿನ ಪುಟಗಳಲ್ಲಿ ಜನ ನಡೆಯುತ್ತಲೇ ಇರುತ್ತಾರೆ. ತಿಮ್ಮಿಯನ್ನು ಹಾರಿಸಿಕೊಂಡು ಬರಲು ಗುತ್ತಿ, ಮುಕುಂದಯ್ಯನನ್ನು ನಂಬಿ ಚಿನ್ನಮ್ಮ, ಐತ-ಪೀಂಚಲು. ಗಾಲಿ ಅಂತ ಮುಖ್ಯವಾಗಿ ಬರೋದು ಪಾದ್ರಿಯ ಬೈಸಿಕಲ್ಲು. ಅದೂ ಜನರ ಬಾಯಲ್ಲಿ ‘ಬೀಸೆಕಲ್ಲು’ ಆಗಿದೆ. ಆ ಬೀಸೆಕಲ್ಲಿನ ಭಾಗ ಎಲ್ಲರಿಗೂ ನಗುವಿಗೆ ನೆನಪಿರುತ್ತೆ. ನನಗೆ ಈಗ ಬೇರೆ ಕಾಣುತ್ತೆ. ಕಾಲ್ನಡಿಗೆಯ ಲೋಕಕ್ಕೆ ನಮ್ಮ ಕಾರು ಮೊದಲ ಸಲ ಬಂದದ್ದು ಹಾಗೆ.

2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಇದನ್ನು ಇಡೀ ರಾತ್ರಿಯ ನಾಟಕ ಮಾಡಿದರು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ಆಡಿದಾಗ ನಾನು ನೋಡಿದೆ. ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕಿತ್ತು. ನಿದ್ದೆಗಣ್ಣಲ್ಲಿ ಚಾಪೆ ಸುತ್ತಿಕೊಂಡು ಹೋಗುವಾಗ ಬೈದುಕೊಂಡಿದ್ದೆ. ಕಾದಂಬರಿಗೆ ಅದಕ್ಕಿಂತ ಸರಿಯಾದ ವಿಮರ್ಶೆ ಇಲ್ಲ ಅಂತ ಈಗ ಅನ್ನಿಸುತ್ತೆ. ಓದುಗನೂ ನಡೀಬೇಕು.

ಆದರೆ ನಾನು ಹೇಳಬೇಕು ಅಂತ ಹೊರಟದ್ದು ಇದಲ್ಲ.

ಶೃಂಗೇರಿ ಹತ್ತಿರ ಬರುವಾಗ ಅಜ್ಜ ತಮ್ಮ ಖಾಸಾ ಕಥೆ ತೆಗೆದರು. ಚಿಕ್ಕಂದಿನಿಂದ ನೂರು ಸಲ ಕೇಳಿದ್ದೇನೆ. ಪ್ರಾಯದಲ್ಲಿ ನವರಾತ್ರಿಗೆ ಮನೆಯಿಂದ ಶೃಂಗೇರಿಗೆ ರಾತ್ರಿಯೆಲ್ಲ ನಡೆದು ಹೋದದ್ದು. ದೊಂದಿ ಬೆಳಕು, ದಾರಿಗೆ ಅಡ್ಡ ಬಂದ ಕಾಡುಹಂದಿ, ಬೆಳಗಿನ ಜಾವ ತುಂಗೆಯಲ್ಲಿ ಮಿಂದದ್ದು. “ನಾಕು ಜನ ಹೋಗಿದ್ವಿ” ಅಂದರು.

ಹಿಂದಿನ ಸೀಟಿನಿಂದ ಅಜ್ಜಿ ಕೇಳಿದಳು, “ದೊಂದಿ ಹಿಡ್ದವ ಯಾರು? ನಿಮ್ಮ ಗಂಟು ಹೊತ್ತವ?”

ಅಜ್ಜ ಸುಮ್ಮನಾದರು. “ಹ್ಞಾಂ, ಅವನೂ ಇದ್ದ” ಅಂದರು.

“ಹಂಗಾರೆ ಐದು.”

ನೂರು ಸಲ ಕೇಳಿದ ಕಥೆಯಲ್ಲಿ ಆ ಐದನೆಯವ ನನಗೂ ಕಂಡಿರಲಿಲ್ಲ. ದೊಂದಿ ಇದೆ ಅಂದಮೇಲೆ ಹಿಡಿದ ಕೈ ಇರಲೇಬೇಕಲ್ಲ, ಅಷ್ಟೂ ತರ್ಕ ಹೊಳೆದಿರಲಿಲ್ಲ. ಅಜ್ಜ ಕೆಟ್ಟವರಲ್ಲ. ಆ ಕಾಲದ ಜಮೀನಿನ ಮನೆಗಳಲ್ಲಿ ಎಣಿಕೆಯೇ ಹಾಗಿತ್ತು. ಕುವೆಂಪು ಎಣಿಸಿದ್ದು ಬೇರೆ ರೀತಿ. 1967ರಲ್ಲಿ ಬಂದ ಆ ಕಾದಂಬರಿಯ ಬಾಗಿಲಲ್ಲಿ ನಿಂತಿರುವವ ಹೆಗ್ಗಡೆ ಅಲ್ಲ, ಗೌಡ ಅಲ್ಲ. ಸಿಂಬಾವಿ ಹೆಗ್ಗಡೆಯವರ ಜೀತದಾಳು ನಾಯಿಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಗಂಟು ಹೊರುವವ, ಓಲೆ ಮುಟ್ಟಿಸುವವ, ಅವನಿಂದಲೇ ದಾರಿ ಶುರು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅನ್ನುವ ಅರ್ಥದ ಆ ಮುನ್ನುಡಿ ಮಾತನ್ನು ನಾವು ಗೋಡೆಗೆ ಹಾಕಿದ್ದೇವೆ, ಭಾಷಣದಲ್ಲಿ ಹೇಳಿದ್ದೇವೆ. ಮನೆಯ ನೆನಪುಗಳಿಗೆ ಅದನ್ನು ಹಚ್ಚಿ ನೋಡಿಲ್ಲ. ‘ಆಗಿನ ಕಾಲ ಎಷ್ಟು ಚಂದ, ಎಲ್ಲ ನಡೆದೇ ಹೋಗ್ತಿದ್ರು’ ಅಂತ ನಾನೇ ಬ್ಲಾಗಲ್ಲಿ ಮೂರು ಸಲ ಬರೆದಿದ್ದೇನೆ. ಮೂರರಲ್ಲೂ ಲೆಕ್ಕ ತಪ್ಪಿದೆ.

ಊರು ಬರುವ ಹೊತ್ತಿಗೆ ಅಜ್ಜ ಒಂದು ಹೆಸರು ಹೇಳಿದರು. ಕಾರಲ್ಲಿ ಯಾರೂ ಕೇಳಿರಲಿಲ್ಲ. “ಅವ್ನು ಹಂದಿ ಬಂದಾಗ ಮುಂದೆ ನಿಂತಿದ್ದು” ಅಂತಲೂ ಸೇರಿಸಿದರು. ಕಥೆಯಲ್ಲಿ ಅಷ್ಟು ವರ್ಷ ಮುಂದೆ ನಿಂತಿದ್ದವರು ಅಜ್ಜನೇ.

ಶೃಂಗೇರಿಯಲ್ಲಿ ಹೆಚ್ಚೇನೂ ಆಗಲಿಲ್ಲ. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳಲ್ಲಿ ತಮ್ಮದು ಯಾವುದು ಅಂತ ಅಜ್ಜ ಹುಡುಕಿ, ಮಂಡಿ ನೋವು ಅಂತ ಹೊರಗೆ ಕೂತರು. ಅಜ್ಜಿ ಹೊಳೆ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ ಹಾಕಿದಳು. ನದಿಯಾಚೆ ನರಸಿಂಹವನಕ್ಕೆ ಹೋಗುವ ಸಾಲು ಶೀಟಲ್ಲಿತ್ತು, ಅಳಿಸಿದೆ.

ವಾಪಸ್ ಬರುವಾಗ ಅಜ್ಜಿಗೆ ಗುತ್ತಿಯ ಕಥೆ ಹೇಳಿದೆ. ಬರೆದವರು ಹಿರೇಕೊಡಿಗೆಯಲ್ಲಿ ಹುಟ್ಟಿದ್ದು, ಮನೆ ಕುಪ್ಪಳಿ ಅಂತಲೂ ಹೇಳಿದೆ. ಅಜ್ಜಿ ಕವಿಯ ವಿಷಯ ಬಿಟ್ಟಳು. “ಅವರಮ್ಮ ಬಾಣಂತನಕ್ಕೆ ಬಂದಿದ್ದಲ್ಲನಾ? ತುಂಬಿದ ಬಸುರಿ ಆ ಗುಡ್ಡ ಹೆಂಗೆ ಹತ್ತಿ ಇಳುದ್ಲು?” ನಾವೆಲ್ಲ ಕವಿಶೈಲಕ್ಕೆ ಹೋಗಿ ಫೋಟೋ ತೆಗೆಸಿಕೊಂಡವರು, ಈ ಪ್ರಶ್ನೆ ಕೇಳಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಮದುಮಗಳಲ್ಲೂ ನನಗೊಂದು ಕೊರತೆ ಕಾಣುತ್ತೆ. ಅಲ್ಲಿ ಕಾಡು ದಾಟುವವರು ಹೆಚ್ಚಾಗಿ ಪ್ರಾಯದವರು. ಮುದಿಮೈಗಳು ಬಹಳ ಮಟ್ಟಿಗೆ ಜಗಲಿಯಲ್ಲಿ, ಒಲೆ ಮುಂದೆ. ಮಂಡಿ ಬಿಟ್ಟುಹೋದ ಮೇಲೆ ದಾರಿ ಹೇಗಿರುತ್ತೆ ಅನ್ನೋದು ಆ ಮಹಾದಾರಿಯ ಪುಸ್ತಕದಲ್ಲಿ ಕಮ್ಮಿ.

ಮರುದಿನ ನರಸಿಂಹರಾಜಪುರ. ಅಜ್ಜನ ಬಾಯಲ್ಲಿ ಈಗಲೂ ಎಡೆಹಳ್ಳಿಯೇ. ಮೈಸೂರಿನ ಯುವರಾಜರು ಬಂದುಹೋದ ಮೇಲೆ 1915ರಲ್ಲಿ ಹೆಸರು ಬದಲಾಯಿತು, ಅಜ್ಜ ಹುಟ್ಟುವುದಕ್ಕೂ ಮೊದಲೇ. ಅವರಪ್ಪ ಹಾಗೆ ಕರೆಯುತ್ತಿದ್ದರಂತೆ, ಇವರೂ ಬಿಟ್ಟಿಲ್ಲ. ತರೀಕೆರೆಯಿಂದ ಇಲ್ಲಿಗೆ ಪುಟ್ಟ ಹಳಿಯ ರೈಲು ಓಡುತ್ತಿದ್ದ ಕಥೆಯೂ ಆಯಿತು. ಅಜ್ಜಿ ಮಾತಾಡಲಿಲ್ಲ. ಈ ಪ್ರಯಾಣದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಜಾಗ, ಅದು ಮ್ಯಾಪಿನಲ್ಲಿ ನೀಲಿ. ಲಕ್ಕವಳ್ಳಿಯಲ್ಲಿ ಕಟ್ಟಿ 1960ರ ದಶಕದಲ್ಲಿ ಮುಗಿಸಿದ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಅವಳ ತವರು ಹೋಗಿದೆ. ಮದುವೆಯಾಗಿ ಬಂದ ಸ್ವಲ್ಪ ವರ್ಷಕ್ಕೆ. ಶರಾವತಿಯಲ್ಲಿ ಮುಳುಗಿದವರಿಗೆ ನಾ. ಡಿಸೋಜ ಇದ್ದರು, ‘ದ್ವೀಪ’ ಇದೆ, ಅದನ್ನು ಕಾಸರವಳ್ಳಿ ಸಿನಿಮಾ ಮಾಡಿದಾಗ ಮನೆ ಬಿಡಲು ಒಪ್ಪದ ದುಗ್ಗಜ್ಜನೂ ನಮಗೆ ಸಿಕ್ಕ. ಭದ್ರೆಯ ಕಡೆಗೆ ನನ್ನ ಹತ್ತಿರ ಇರೋದು ಅಜ್ಜಿ ಒಬ್ಬಳೇ. ಇಷ್ಟು ವರ್ಷ ಅವಳನ್ನೂ ನೂರನೇ ಪುಟಕ್ಕೆ ಮುಚ್ಚಿಟ್ಟಿದ್ದೆ.

ನೀರು ಇಳಿದಿತ್ತು. ದಂಡೆಯಲ್ಲಿ ಒಡೆದ ಮಣ್ಣು, ಅಲ್ಲಲ್ಲಿ ಕರಿ ಬೊಡ್ಡೆಗಳು. ಅಜ್ಜಿ ಕೋಲು ಎತ್ತಿ “ಮನೆ ಅಲ್ಲಿ” ಅಂದಳು. ಅಜ್ಜ “ಅಲ್ಲಲ್ಲ, ಇನ್ನೂ ಎಡಕ್ಕೆ” ಅಂದರು. “ನನ್ನ ಮನೆ ನಿಮಗೆ ಗೊತ್ತಾ?” “ದಿಬ್ಬಣ ಬಂದವ ನಾನಲ್ವಾ!” ಇಬ್ಬರೂ ಹತ್ತು ನಿಮಿಷ ವಾದ ಮಾಡಿದರು. ನಾನು ಫೋನ್ ತೆಗೆದು, ಎಲ್ಲಿ ಪಿನ್ ಹಾಕೋದು ಗೊತ್ತಾಗದೆ ಜೇಬಿಗೆ ಹಾಕಿದೆ.

ಸ್ವಲ್ಪ ಹೊತ್ತು ಕೂತಮೇಲೆ ಅಜ್ಜಿ ನೀರು ನೋಡುತ್ತಲೇ ಕೇಳಿದಳು, “ಆ ಗುತ್ತಿ ನಾಯಿ ಕಡೀಗೆ ಎಂತಾಯ್ತಾ?”

ಶೃಂಗೇರಿಯ ರಾತ್ರಿಯೇ ಕೂತು ಕೊನೆಯ ಪುಟಗಳನ್ನು ಓದಿದ್ದೆ. ತುಂಗೆಯ ನೆರೆ, ದೋಣಿ, ಹಿಂದೆ ಈಜಿಕೊಂಡು ಬರುವ ಹುಲಿಯ. ಎದುರಿಗೆ ಅಷ್ಟು ನೀರಿತ್ತು.

“ಇನ್ನೂ ಪೂರ್ತಿ ಓದಿಲ್ಲ ಅಜ್ಜಿ. ಮನೆಗೆ ಹೋಗಿ ಓದಿ ಹೇಳ್ತೀನಿ” ಅಂದೆ.

ಅಜ್ಜಿ ಅಜ್ಜನ ಕಡೆ ತಿರುಗಿ ಹೇಳಿದಳು, “ಸತ್ತಿರ್ಬೇಕು. ಅದ್ಕೇ ಇವ ಹೇಳ್ತಿಲ್ಲ.”