ತಕ್ಕಡಿ ತೋರದ ಲಾಭ

ಸ್ಥೂಲಕಾಯಕ್ಕೆ ಮಾಡುವ ಶಸ್ತ್ರಚಿಕಿತ್ಸೆಯ ಗುಣದೋಷಗಳನ್ನು ತೂಗಿ ನೋಡಬಯಸುವವರು ಮೊದಲು ಪರಿಶೀಲಿಸತಕ್ಕದ್ದು, ವೈದ್ಯ ಲಾರ್ಸ್ ಶೋಸ್ಟ್ರೋಮರ ನೇತೃತ್ವದಲ್ಲಿ 1987ರಲ್ಲಿ ಸ್ವೀಡನ್ ದೇಶದಲ್ಲಿ ಮೊದಲಾಗಿ, ದಶಕಗಳ ಕಾಲ ಅವಿಚ್ಛಿನ್ನವಾಗಿ ಸಾಗಿದ ಅಧ್ಯಯನವನ್ನು. ಶಸ್ತ್ರಚಿಕಿತ್ಸೆಗೆ ಒಳಗಾದ 2010 ಮಂದಿಯನ್ನೂ, ಅವರಂತೆಯೇ ಸ್ಥೂಲಕಾಯರಾಗಿದ್ದು ಸಾಮಾನ್ಯ ಚಿಕಿತ್ಸೆಯಲ್ಲಿ ಉಳಿದ 2037 ಮಂದಿಯನ್ನೂ ಅದು ಹಿಂಬಾಲಿಸಿತು. ಯಾರಿಗೆ ಯಾವುದೆಂದು ಚೀಟಿಯೆತ್ತಿ ನಿರ್ಣಯಿಸಲಿಲ್ಲವೆಂಬುದು ಅದರ ನ್ಯೂನತೆ. ಆದರೆ ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಮರಣಭಯವು ಅಧಿಕವಾಗಿದ್ದುದರಿಂದ ನೈತಿಕ ಸಮಿತಿಗಳು ಅದಕ್ಕೆ ಒಪ್ಪಲಿಲ್ಲವೆಂಬುದನ್ನು ಮರೆತು ದೂಷಿಸುವುದು ನ್ಯಾಯವಾಗದು.

ಹತ್ತು ವರ್ಷಗಳ ತರುವಾಯ, ಜಠರವನ್ನು ಕಿರಿದಾಗಿಸಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಬೈಪಾಸ್ ಮಾಡಿಸಿಕೊಂಡವರ ತೂಕ ಶೇಕಡಾ 25ರಷ್ಟು ಇಳಿದೇ ಇತ್ತು. ಜಠರದ ಮೇಲ್ಭಾಗಕ್ಕೆ ಹೊಲಿಗೆ ಹಾಕಿ ಪಟ್ಟಿ ಬಿಗಿದವರಲ್ಲಿ ಇಳಿಕೆ ಶೇಕಡಾ 16ರಷ್ಟು ಮಾತ್ರ. ಈ ಎರಡನೆಯ ವಿಧಾನದ ದೌರ್ಬಲ್ಯ ಊಟದ ತಟ್ಟೆಯಲ್ಲಿಯೇ ಗೋಚರಿಸುತ್ತಿತ್ತು: ಬ್ರೆಡ್ಡಿನ ತುಣುಕು, ಮಾಂಸದ ಚೂರು ಆ ಕಿರುದಾರಿಯಲ್ಲಿ ಸಿಕ್ಕಿಕೊಂಡು ವಾಂತಿಯಾಗುತ್ತಿದ್ದುದರಿಂದ, ನುಣುಪಾಗಿ ಜಾರುವ ಐಸ್‌ಕ್ರೀಮು, ಸಿಹಿಪಾನಕಗಳ ಕಡೆಗೆ ಹಲವರು ತಿರುಗಿದರು. ಅಧ್ಯಯನದ ಬಹುಪಾಲು ಮಂದಿಗೆ ಮಾಡಿದ್ದು ಈಗ ಬಹುಮಟ್ಟಿಗೆ ಕೈಬಿಟ್ಟಿರುವ ಆ ವಿಧಾನವೇ. ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುವ ಇಂದಿನ ಸ್ಲೀವ್ ವಿಧಾನ ಅಲ್ಲಿ ಇಲ್ಲವೇ ಇಲ್ಲ. ಆದುದರಿಂದ ಆ ಅಧ್ಯಯನದ ಅಂಕಿಗಳನ್ನು ಇಂದಿನ ರೋಗಿಗೆ ಯಥಾವತ್ತಾಗಿ ಅನ್ವಯಿಸುವುದು ಸಲ್ಲದು.

ಆದರೂ ಈ ಅಧ್ಯಯನ ಹೊರಗೆಡಹಿದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸುತ್ತದೆ. ಶಸ್ತ್ರಚಿಕಿತ್ಸೆಯು ಮಧುಮೇಹವನ್ನು ತಡೆಯುವುದರಲ್ಲಿಯೂ ಹೃದ್ರೋಗವನ್ನು ತಗ್ಗಿಸುವುದರಲ್ಲಿಯೂ ಸಮರ್ಥವಾಯಿತಾದರೂ, ಆರಂಭದಲ್ಲಿ ಹೆಚ್ಚು ದಪ್ಪವಿದ್ದವರಿಗೆ ಹೆಚ್ಚು ಲಾಭವಾಯಿತೆಂಬುದು ಕಂಡುಬರಲಿಲ್ಲ. ಮಧುಮೇಹದ ವಿಷಯದಲ್ಲಿ ಉಪವಾಸದ ರಕ್ತದ ಸಕ್ಕರೆ ಆಗಲೇ ಏರತೊಡಗಿದ್ದವರಿಗೂ, ಹೃದಯದ ವಿಷಯದಲ್ಲಿ ಇನ್ಸುಲಿನ್ ಅಧಿಕವಾಗಿದ್ದವರಿಗೂ ಆದ ಪ್ರಯೋಜನವೇ ಮಿಗಿಲು. ಹೀಗಿದ್ದೂ 1991ರ ಅಮೆರಿಕದ ನಿಯಮಾವಳಿಯಿಂದ ಇಂದಿನವರೆಗೆ ಅರ್ಹತೆಯನ್ನು ಮುಖ್ಯವಾಗಿ ಎತ್ತರ-ತೂಕಗಳ ಸೂಚ್ಯಂಕದಿಂದಲೇ ಅಳೆಯುತ್ತ ಬಂದಿರುವುದು ಈ ವೃತ್ತಿಯ ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ.

ಗುಣವಾಯಿತೆಂಬ ಮಾತನ್ನೂ ಎಚ್ಚರದಿಂದ ಆಡಬೇಕು. ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ಶೇಕಡಾ 72 ಮಂದಿ ಮಧುಮೇಹಿಗಳು ರೋಗಮುಕ್ತರಾಗಿದ್ದರೆ, ಹತ್ತನೆಯ ವರ್ಷಕ್ಕೆ ಹಾಗೆ ಉಳಿದವರು ಶೇಕಡಾ 36 ಮಾತ್ರ. ಬಿ-12, ಕಬ್ಬಿಣ, ಸುಣ್ಣದ ಅಂಶಗಳ ಕೊರತೆಗಾಗಿ ಜೀವಮಾನವಿಡೀ ರಕ್ತಪರೀಕ್ಷೆ ಬೇಕು. ಬೈಪಾಸಿನ ನಂತರ ಮದ್ಯ ಬೇಗನೆ ನೆತ್ತಿಗೇರುವುದರಿಂದ ಕುಡಿತದ ವಿಪತ್ತೂ ಹೆಚ್ಚುತ್ತದೆ. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಶಸ್ತ್ರಚಿಕಿತ್ಸೆಯಾದವರು ಆಗದ ಸ್ಥೂಲಕಾಯರಿಗಿಂತ ಮೂರು ವರ್ಷ ಹೆಚ್ಚು ಬದುಕಿದರು. ಸಾಮಾನ್ಯ ಜನತೆಗಿಂತ ಐದೂವರೆ ವರ್ಷ ಕಡಮೆ.

ಆ ಮೂರು ವರ್ಷಗಳನ್ನು ಅಲ್ಪವೆಂದು ತಳ್ಳಿಹಾಕುವವನು ನಾನಲ್ಲ. ಏಷ್ಯಾದವರಿಗೆ ಸೂಚ್ಯಂಕ 27.5 ದಾಟಿದರೂ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದು 2022ರ ನಿಯಮಗಳು ಹೇಳುತ್ತಿರುವಾಗ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ನಮ್ಮವರು ವೈದ್ಯರನ್ನು ಎರಡು ಪ್ರಶ್ನೆ ಕೇಳಲಿ: ನನ್ನ ರಕ್ತದ ಸಕ್ಕರೆ ಏನು ಹೇಳುತ್ತಿದೆ, ಹತ್ತು ವರ್ಷದ ಮೇಲೆ ನನ್ನನ್ನು ಪರೀಕ್ಷಿಸುವವರು ಯಾರು?