ಶಕ್ತ್ಯುದ್ಯಮದ ಅಧಿಕಾರಿಶಿಕ್ಷಣ: ಉದಾಹರಣವೂ ಉಪನಯವೂ

ಉದ್ಯೋಗದಲ್ಲಿ ನೆಲೆಗೊಂಡಿರುವ ಅಧಿಕಾರಿಗಳನ್ನು ಕೆಲವು ವಾರಗಳ ಇಲ್ಲವೆ ತಿಂಗಳುಗಳ ಮಟ್ಟಿಗೆ ಪುನಃ ವಿದ್ಯಾರ್ಥಿಗಳನ್ನಾಗಿಸಿ, ಅವರಿಗೆ ವ್ಯವಹಾರಶಾಸ್ತ್ರವನ್ನು ಬೋಧಿಸುವ ಪದ್ಧತಿಯು ಈಚಿನ ದಶಕಗಳಲ್ಲಿ ಭರತಖಂಡದಲ್ಲಿ ಚೆನ್ನಾಗಿ ಬೇರೂರಿದೆ. ವಿದ್ಯುತ್ತಿನ ಉತ್ಪಾದನೆ, ಸಾಗಣೆ, ವಿತರಣೆಗಳಿಗೆ ಸಂಬಂಧಪಟ್ಟ ಉದ್ಯಮಗಳಿಗಾಗಿಯೇ ಪ್ರತ್ಯೇಕವಾದ ಪಾಠಕ್ರಮಗಳೂ ಏರ್ಪಟ್ಟಿವೆ. ಈ ಶಿಕ್ಷಣದ ಪ್ರಯೋಜನವನ್ನು ಅಲ್ಲಗಳೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅದರ ಬೋಧನಕ್ರಮದಲ್ಲಿ ಒಂದು ಅವಯವವು ಲೋಪವಾಗಿದೆಯೆಂದೂ, ಆ ಲೋಪದ ಫಲವು ಅಧಿಕಾರಿಗಳಿಗಿಂತ ಹೆಚ್ಚಾಗಿ ಗ್ರಾಮವಾಸಿಗಳಿಗೆ ತಟ್ಟುವುದೆಂದೂ ತೋರಿಸುವುದೇ ಇಲ್ಲಿಯ ವಿಷಯ. ವಿಚಾರಕ್ಕೆ ನೆಲೆಯಾಗಿ ಬೆಳ್ತಂಗಡಿ ತಾಲ್ಲೂಕಿನ ನಾರಾವಿಯನ್ನು ಇಟ್ಟುಕೊಳ್ಳಲಾಗಿದೆ.

ಇಂತಹ ಶಿಕ್ಷಣದ ಅವಶ್ಯಕತೆಯು ಕರ್ಣಾಟಕದಲ್ಲಿ ಹೇಗೆ ಒದಗಿತೆಂಬುದನ್ನು ಮೊದಲು ನೋಡತಕ್ಕದ್ದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಉತ್ಪಾದಕನು ಒಬ್ಬ, ಗ್ರಾಹಕನೂ ಒಬ್ಬ. ನಡುವಣ ಸುಮಾರು 147 ಕಿಲೋಮೀಟರಿನ ತಂತಿಯನ್ನು ಕಾಪಾಡುವುದೇ ಆಗ ದೊಡ್ಡ ಸಾಹಸ. ಅದು ಇಂಜಿನಿಯರರ ವಿದ್ಯೆಗೆ ಸೇರಿದ್ದು. 1999ರ ಸುಧಾರಣಾ ಶಾಸನದಿಂದ ವಿದ್ಯುನ್ಮಂಡಲಿಯ ರೂಪವು ಬದಲಾಯಿತು. 2002ರಲ್ಲಿ ಮಂಗಳೂರಿನ ಮೆಸ್ಕಾಂ ಮೊದಲಾದ ವಿತರಣಾ ಕಂಪೆನಿಗಳು ಹುಟ್ಟಿದವು. 2003ರ ಕೇಂದ್ರ ಶಾಸನವು ಉತ್ಪಾದನೆಯ ಬಾಗಿಲನ್ನು ಅನೇಕರಿಗೆ ತೆರೆಯಿತು. ಈಗ ಮನೆಯ ಮಾಡಿನ ಮೇಲೆ ಸೌರಫಲಕವನ್ನು ಇಟ್ಟವನು ಗ್ರಾಹಕನೂ ಅಹುದು, ಉತ್ಪಾದಕನೂ ಅಹುದು. ಆದುದರಿಂದ ಯಂತ್ರವನ್ನು ಬಲ್ಲ ಅಧಿಕಾರಿಯು ಸಾಲ, ದರ, ಭೂಮಿ, ಕಾನೂನು, ಜನಾಭಿಪ್ರಾಯಗಳನ್ನೂ ಬಲ್ಲವನಾಗಬೇಕಾಯಿತು. ಫರೀದಾಬಾದಿನ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯು ವಿದ್ಯುದ್ವ್ಯವಸ್ಥಾಪನೆಯನ್ನೇ ಪದವಿಯ ಪಾಠವಾಗಿ ಏರ್ಪಡಿಸಿದುದು ಈ ಕಾರಣದಿಂದಲೇ ಸರಿ.

ಇಂತಹ ವ್ಯವಹಾರಶಾಲೆಗಳ ಬೋಧನಕ್ರಮದಲ್ಲಿ ಪ್ರಧಾನವಾದುದು ನಿದರ್ಶನಪಾಠ. 1908ರಲ್ಲಿ ಸ್ಥಾಪಿತವಾದ ಹಾರ್ವರ್ಡಿನ ವ್ಯವಹಾರಶಾಲೆಯು ನ್ಯಾಯವಾದಿಗಳ ಶಿಕ್ಷಣದಿಂದ ಇದನ್ನು ತೆಗೆದುಕೊಂಡು ಬೆಳೆಯಿಸಿತು. ಆ ಶಾಲೆಯ ಸಹಕಾರದಿಂದ ಬೆಳೆದ ಅಹಮದಾಬಾದಿನ ಸಂಸ್ಥೆಯ ಮೂಲಕ (1961) ಅದು ಈ ದೇಶದಲ್ಲಿ ಪ್ರಚಾರಕ್ಕೆ ಬಂದಿತು. ಒಂದು ಸಂಸ್ಥೆಯ ವೃತ್ತಾಂತವನ್ನು ವಿದ್ಯಾರ್ಥಿಗಳ ಮುಂದಿಟ್ಟು, “ನೀವು ಇದರ ಅಧಿಕಾರಿಗಳಾಗಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಕೇಳುವುದು ಅದರ ರೀತಿ. ಒಣ ಸೂತ್ರಗಳನ್ನು ಉರುಹಾಕಿಸುವುದಕ್ಕಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರಶ್ನೆಯು ವಿದ್ಯಾರ್ಥಿಯನ್ನು ನಿದರ್ಶನದ ಊರಿನಲ್ಲಿಯೇ ನಿಲ್ಲಿಸುತ್ತದೆ. ಅವನು ಕೆಲಸಮಾಡಬೇಕಾದ ಊರಿಗೆ ಕರೆತರುವುದಿಲ್ಲ ಎಂಬುದನ್ನು ಲಕ್ಷಿಸಬೇಕು.

ನ್ಯಾಯಶಾಸ್ತ್ರದಲ್ಲಿ ಪರರಿಗೆ ತಿಳಿಯಹೇಳುವ ಅನುಮಾನಕ್ಕೆ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆಯೆಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಹೊಗೆಯಿದ್ದೆಡೆ ಬೆಂಕಿಯುಂಟು, ಅಡಿಗೆಮನೆಯಲ್ಲಿರುವಂತೆ ಎಂಬುದು ಉದಾಹರಣ. ಈ ಬೆಟ್ಟದಲ್ಲಿಯೂ ಅಂತಹ ಹೊಗೆಯೇ ಇದೆಯೆಂದು ಕಂಡು ಹೇಳುವುದು ಉಪನಯ. ಅದಾದಮೇಲೆಯೇ ನಿಗಮನ. ಅಡಿಗೆಮನೆಯನ್ನು ಎಷ್ಟು ಸೂಕ್ಷ್ಮವಾಗಿ ವರ್ಣಿಸಿದರೂ ಬೆಟ್ಟದ ಕಡೆಗೆ ತಿರುಗಿ ನೋಡದೆ ನಿಗಮನಕ್ಕೆ ಅಧಿಕಾರವಿಲ್ಲ. ಇನ್ನೊಂದು ಮಾತೂ ಉಂಟು. ಬೆಂಕಿಯಿದ್ದೆಡೆ ಹೊಗೆಯಿದೆಯೆಂದು ತಿರುಗಿಸಿ ಹೇಳುವಂತಿಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಲು ಹಸಿಯ ಕಟ್ಟಿಗೆಯೂ ಬೇಕು. ಹೀಗೆ ಮರೆಯಲ್ಲಿ ನಿಂತು ವ್ಯಾಪ್ತಿಯನ್ನು ಕೆಡಿಸುವ ನಿಬಂಧನೆಗೆ ಉಪಾಧಿಯೆಂದು ಹೆಸರು. ನಿದರ್ಶನಪಾಠದಲ್ಲಿ ಉದಾಹರಣವು ಪುಷ್ಟವಾಗಿದೆ, ನಿಗಮನವು ಶೀಘ್ರವಾಗಿದೆ. ಉಪನಯವು ಲುಪ್ತವಾಗಿದೆ, ಉಪಾಧಿಯು ಮರೆಯಲ್ಲಿಯೇ ಉಳಿದಿದೆ. ಇದನ್ನು ಕರ್ಣಾಟಕದ ಎರಡು ಪ್ರಸಿದ್ಧ ನಿದರ್ಶನಗಳಿಂದ ಪರೀಕ್ಷಿಸಬಹುದು.

ಮೊದಲನೆಯದು ತುಮಕೂರು ಜಿಲ್ಲೆಯ ಪಾವಗಡದ ಸೌರಕ್ಷೇತ್ರ. 2018ರಲ್ಲಿ ಉದ್ಘಾಟಿತವಾಗಿ, ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಹಬ್ಬಿ, 2,050 ಮೆಗಾವಾಟಿನ ಸಾಮರ್ಥ್ಯವುಳ್ಳದ್ದಾಗಿದೆ. ಇಲ್ಲಿ ರೈತರ ಭೂಮಿಯನ್ನು ವಶಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಂತೆ ಏರಿಸುವ ಕರಾರಾಯಿತು. ಸ್ವಾಮ್ಯವು ರೈತನಲ್ಲಿಯೇ ಉಳಿಯಿತೆಂಬುದು ಇದರ ಗುಣ. ಇದನ್ನು ಓದಿದ ಅಧಿಕಾರಿಯು, ವರ್ಷವರ್ಷವೂ ಬಾಡಿಗೆ ಕೊಟ್ಟರೆ ಭೂಮಿಯ ವಿವಾದವು ಅಡಗುವುದೆಂದು ನಿಗಮಿಸುವುದು ಸಹಜ. ಆದರೆ ಅಲ್ಲಿಯ ಉಪಾಧಿ ಯಾವುದು? ಮಳೆಯು ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ಮೇಲಿಂದ ಮೇಲೆ ಬರ. ಬಯಲು ಒಂದೇ ಹರವು. ಬೆಳೆಯು ಕೈಗೆ ಹತ್ತದ ಹೊಲಕ್ಕೆ 21,000 ರೂಪಾಯಿ ಲಾಭವೇ ಆಯಿತು. ಭೂಮಿಯಿಲ್ಲದ ಕೂಲಿಗಾರನಿಗೆ ಮಾತ್ರ ಆ ಗುತ್ತಿಗೆಯಲ್ಲಿ ಪಾಲಿಲ್ಲ.

ಈಗ ನಾರಾವಿಯ ಕಡೆಗೆ ತಿರುಗಬೇಕು. ಗುರುವಾಯನಕೆರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಕುದುರೆಮುಖದ ರಾಷ್ಟ್ರೀಯೋದ್ಯಾನದ ಮಗ್ಗುಲಲ್ಲಿರುವ ಊರು ಇದು. ಜಿಲ್ಲೆಯ ಮಳೆಯೇ ವರ್ಷಕ್ಕೆ ಸುಮಾರು 4,000 ಮಿಲಿಮೀಟರು. ಮನೆಗಳು ಒಂದೆಡೆ ಗುಂಪುಗೂಡಿಲ್ಲ; ತುಳುನಾಡಿನ ವಾಡಿಕೆಯಂತೆ ಒಂದೊಂದು ಮನೆಯೂ ತನ್ನ ತೋಟಗದ್ದೆಗಳ ನಡುವೆ ಬೇರೆಬೇರೆಯಾಗಿ ನಿಂತಿದೆ. ಇಂತಹ ಊರಿನಲ್ಲಿ ಶಕ್ತಿಕ್ಷೇತ್ರದ ಪರಿವರ್ತನೆಯು ಸೌರಫಲಕಗಳ ಹರವಾಗಿ ಬಾರದು. ತಲೆಯ ಮೇಲಣ ತಂತಿಯಾಗಿ ಬರುವುದು. ಉಡುಪಿಯ ಕಡೆಯಿಂದ ಕಾಸರಗೋಡಿನ ಕಡೆಗೆ ಎಳೆಯತಕ್ಕ 400 ಕಿಲೋವೋಲ್ಟಿನ ಮಾರ್ಗಕ್ಕೆ ದಕ್ಷಿಣ ಕನ್ನಡದ ತೋಟಗಾರರು ತೋರಿಸಿದ ವಿರೋಧವು ಸರ್ವವಿದಿತ. ಅಂತಹ ಮಾರ್ಗಕ್ಕೆ 46 ಮೀಟರು ಅಗಲದ ಪಟ್ಟಿ ಬೇಕು. ನೆಟ್ಟ ಐದಾರು ವರ್ಷಗಳಿಗೆ ಫಲಕ್ಕೆ ಬಂದು ದಶಕಗಳ ಕಾಲ ಕುಟುಂಬವನ್ನು ಹೊರುವ ಅಡಕೆಯ ಮರವು ತಂತಿಯ ಕೆಳಗೆ ನಿಲ್ಲತಕ್ಕದ್ದಲ್ಲ. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿಯು ಗೋಪುರದ ಅಡಿಯ ನೆಲಕ್ಕೆ ಬೆಲೆಯ ನೂರಕ್ಕೆ 200ನ್ನೂ ಪಟ್ಟಿಯ ನೆಲಕ್ಕೆ ನೂರಕ್ಕೆ 30ನ್ನೂ ಹೇಳುತ್ತದೆ. 2015ರ ಸೂಚನೆಯಲ್ಲಿದ್ದ 85 ಮತ್ತು 15ಕ್ಕಿಂತ ಇದು ಎಷ್ಟೋ ಮೇಲು. ಆದರೂ ಎರಡೆಕರೆಯ ತೋಟದ ನಟ್ಟನಡುವೆ ಪಟ್ಟಿ ಹಾದುಹೋದವನಿಗೆ ಉಳಿದ ನೆಲವೂ ತೋಟವಾಗಿ ಉಳಿಯುವುದೇ ಎಂಬುದನ್ನು ಆ ಅಂಕಿಗಳು ಹೇಳಲಾರವು.

ಇದಲ್ಲದೆ ಕುಮ್ಕಿಯೊಂದಿದೆ. ವರ್ಗದ ಜಮೀನಿಗೆ ಹೊಂದಿದ ಸರ್ಕಾರಿ ನೆಲದಿಂದ ಸೊಪ್ಪು, ತರಗೆಲೆ, ಕಟ್ಟಿಗೆಗಳನ್ನು ತೆಗೆದುಕೊಳ್ಳುವ ಈ ಹಕ್ಕು ಹಳೆಯ ದಕ್ಷಿಣ ಕನ್ನಡಕ್ಕೇ ವಿಶಿಷ್ಟವಾದುದು. ಅದು ಅನುಭೋಗ, ಸ್ವಾಮ್ಯವಲ್ಲ. ಮಾರ್ಗವು ಕುಮ್ಕಿಯ ಮೇಲೆ ಹಾದುಹೋದರೆ ನೆಲದ ಬೆಲೆಯ ಲೆಕ್ಕದಲ್ಲಿ ಒಕ್ಕಲಿಗನ ಹೆಸರೇ ಇರದು. ತೋಟದ ಗೊಬ್ಬರಕ್ಕೆ ಮಾತ್ರ ಕೊರತೆ ತಪ್ಪದು. ಪಾವಗಡದ ಪಾಠದಲ್ಲಿ ಈ ಶಬ್ದವೇ ಬರಲು ಅವಕಾಶವಿಲ್ಲ. ಅಲ್ಲಿ ಕಂಡ ಹೊಗೆಯು ಇಲ್ಲಿಯ ಬೆಟ್ಟದಲ್ಲಿಲ್ಲವೆಂದಾಯಿತು.

ಎರಡನೆಯ ನಿದರ್ಶನ ಸೆಲ್ಕೋ. 1995ರಲ್ಲಿ ಹರೀಶ್ ಹಂದೆಯವರು ಸಹಸ್ಥಾಪಕರಾಗಿ ಆರಂಭಿಸಿದ ಈ ಸಂಸ್ಥೆಯು ಬಡವರ ಮನೆಗಳಿಗೆ ಸೌರದೀಪಗಳನ್ನು ಬ್ಯಾಂಕಿನ ಸಾಲದ ಮೂಲಕ ಒದಗಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸಂಸ್ಥೆಯ ವೃತ್ತಾಂತವು ವ್ಯವಹಾರಶಾಲೆಗಳಲ್ಲಿ ನಿದರ್ಶನಪಾಠವಾಗಿದೆ. ಅದರಲ್ಲಿ ಪ್ರಸಿದ್ಧವಾದುದು ಬೀದಿಯ ವ್ಯಾಪಾರಿಯೊಬ್ಬಳ ಮಾತು: ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿಯಾದರೆ ಆದೀತೆಂದು ಆಕೆ ಹೇಳಿದಳೆಂದು ಹಂದೆಯವರು ಅನೇಕ ಕಡೆ ತಿಳಿಸಿದ್ದಾರೆ. ಮೊತ್ತ ಒಂದೇ, ಕಾಲಭೇದದಿಂದ ಒಂದು ಅಸಾಧ್ಯ, ಇನ್ನೊಂದು ಸಾಧ್ಯ.

ಇದರಿಂದ “ಬಡವರಿಗೆ ದಿನದ ಕಂತು ಹಿತ” ಎಂದು ಕಲಿತವನು ಅಕ್ಷರವನ್ನು ಕಲಿತನು, ಅರ್ಥವನ್ನು ಕಲಿಯಲಿಲ್ಲ. ನಾರಾವಿಯ ಸೀಮೆಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಮಜೂರಿ ವಾರಕ್ಕೊಮ್ಮೆ. ರಬ್ಬರಿನ ಹಾಲು ತೆಗೆಯುವವನ ಸಂಪಾದನೆ ಜಡಿಮಳೆಯಲ್ಲಿ ಕುಗ್ಗುತ್ತದೆ. ಅಡಕೆಯವನು ಕೊಯಿದು, ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿಯ ಧಾರಣೆಯನ್ನು ನೋಡಿ ಮಾರಿದಾಗಲೇ ಅವನ ಕೈಯಲ್ಲಿ ಹಣ. ಮೂವರೂ ಒಂದೇ ಗ್ರಾಮದವರು. ಒಂದೇ ಕಂತು ಮೂವರಿಗೂ ಒಪ್ಪದು. ಆ ವ್ಯಾಪಾರಿಯ ಮಾತಿನ ಸಾರವು ಹತ್ತು ರೂಪಾಯಿಯಲ್ಲಿಲ್ಲ, ಸಂಪಾದನೆಯ ಕಾಲಕ್ಕೂ ತೀರಿಸುವ ಕಾಲಕ್ಕೂ ಇರಬೇಕಾದ ಹೊಂದಿಕೆಯಲ್ಲಿದೆ. ಉಪನಯವನ್ನು ಮಾಡಿದವನಿಗೇ ಇದು ಸ್ಫುಟವಾಗುವುದು. ದೀಪದ ವಿಷಯವೂ ಹಾಗೆಯೇ. ಮರ ಬಿದ್ದು ತಂತಿ ಕಡಿಯುವ ಆಷಾಢದಲ್ಲಿಯೇ ಬಿಸಿಲೂ ಇಲ್ಲ. ಆಗ ತೋಡಿನ ನೀರಿನಿಂದ ನಡೆಯುವ ಕಿರುಯಂತ್ರವು ಕೆಲಸಕ್ಕೆ ಬರುವುದು. ತೋಡು ಬತ್ತಿ ತೋಟಕ್ಕೆ ಪಂಪು ಓಡಬೇಕಾದ ಬೇಸಗೆಯಲ್ಲಿ ಬಿಸಿಲು ಧಾರಾಳ.

ಇಲ್ಲಿ ಪೂರ್ವಪಕ್ಷವೊಂದುಂಟು. ಮೀಮಾಂಸಕರು ಮೂರೇ ಅವಯವಗಳು ಸಾಕೆನ್ನುತ್ತಾರೆ; ಉದಾಹರಣದವರೆಗೆ ಹೇಳಿದರೆ ಬುದ್ಧಿವಂತನು ಉಳಿದುದನ್ನು ತಾನೇ ಊಹಿಸಲಾರನೇ? ಅಲ್ಲದೆ ರಾಜ್ಯದ ಎಲ್ಲ ಗ್ರಾಮಗಳನ್ನೂ ಒಬ್ಬ ಅಧಿಕಾರಿಯು ಬಲ್ಲನೇ? ಸಮಾಧಾನವಿದು: ಮೀಮಾಂಸಕರು ಮೊದಲ ಮೂರನ್ನಾಗಲಿ ಕಡೆಯ ಮೂರನ್ನಾಗಲಿ ಒಪ್ಪುವರು, ಕಡೆಯ ಮೂರರಲ್ಲಿ ಉಪನಯವು ಸೇರಿಯೇ ಇದೆ. ಮೊದಲ ಮೂರೇ ಸಾಕಾಗುವುದು ಬೆಟ್ಟವು ಕೇಳುವವನ ಕಣ್ಣೆದುರಿಗೆ ಇದ್ದಾಗ. ದೂರದ ಪಟ್ಟಣದ ತರಗತಿಯಲ್ಲಿ ಕುಳಿತವನಿಗೆ ಅದು ಕಾಣದು. ಎಲ್ಲ ಗ್ರಾಮಗಳನ್ನೂ ತಿಳಿಯಬೇಕೆಂಬ ನಿರ್ಬಂಧವೂ ಇಲ್ಲ. ಒಂದು ಗ್ರಾಮದಲ್ಲಿ ಒಂದು ಉಪನಯವನ್ನು ಪೂರ್ಣವಾಗಿ ಮಾಡಿದವನು ಬೇರೆ ಗ್ರಾಮದಲ್ಲಿ ಏನನ್ನು ಕೇಳಬೇಕೆಂಬುದನ್ನಾದರೂ ಬಲ್ಲನು.

ಇದು ಅಶಕ್ಯವೂ ಅಲ್ಲ. ಅದೇ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ, ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ 1982ರಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಗ್ರಾಮದ ಯುವಕರಿಗೆ ಸ್ವೋದ್ಯೋಗವನ್ನು ಕಲಿಸುತ್ತ ಬಂದಿದೆ. ಅದರ ಪಾಠವು ಕೆಲವೇ ವಾರಗಳದು. ಪಾಠ ಮುಗಿದ ಮೇಲೆ ಶಿಷ್ಯನ ಉದ್ಯೋಗವನ್ನು ವಿಚಾರಿಸಿ ನೆರವಾಗುವ ಕಾಲವು ಅದಕ್ಕಿಂತ ಬಹಳ ದೀರ್ಘ. ಉದಾಹರಣಕ್ಕೆ ಅಲ್ಪಕಾಲ, ಉಪನಯಕ್ಕೆ ದೀರ್ಘಕಾಲ ಎಂಬ ಈ ವಿಭಾಗವು ಚಿಕ್ಕ ಉದ್ಯೋಗಿಗಳ ಶಾಲೆಯಲ್ಲಿ ನೆಲೆನಿಂತಿರಲು, ನೂರಾರು ಕೋಟಿಯ ಯೋಜನೆಗಳನ್ನು ನಡೆಸುವವರ ಶಾಲೆಗಳು ಅದನ್ನು ಸ್ವೀಕರಿಸಲು ಹಿಂಜರಿಯಬೇಕಾದ ಕಾರಣವಿಲ್ಲ. ನಿದರ್ಶನವನ್ನು ಓದಿದ ಅಧಿಕಾರಿಯು ತನ್ನ ಕ್ಷೇತ್ರದ ಒಂದು ಗ್ರಾಮಕ್ಕೆ ಹೋಗಿ, ಅಲ್ಲಿಯ ಮಳೆ, ಭೂಮಿಯ ಹಕ್ಕು, ಸಂಪಾದನೆಯ ಕಾಲಗಳನ್ನು ವಿಚಾರಿಸಿ, ನಿದರ್ಶನದ ಯಾವ ಭಾಗವು ಅಲ್ಲಿ ಸಲ್ಲುವುದು, ಯಾವುದು ಸಲ್ಲದು ಎಂಬುದನ್ನು ಬರೆದೊಪ್ಪಿಸಿದ ಹೊರತು ಅವನಿಗೆ ಪ್ರಮಾಣಪತ್ರವನ್ನು ಕೊಡಕೂಡದು. ಆ ಬರೆಹವನ್ನು ಪರೀಕ್ಷಿಸುವವರಲ್ಲಿ ಆ ಗ್ರಾಮದ ಒಕ್ಕಲಿಗರೂ ಬೀಡಿಯ ಕೆಲಸದವರೂ ಇರಬೇಕು. ಹಾಗಾದರೆ ತಂತಿಯ ಗುರುತುಕಲ್ಲು ತೋಟದಲ್ಲಿ ಬೀಳುವ ಮುನ್ನವೇ ಕುಮ್ಕಿಯ ಮಾತು ಅಧಿಕಾರಿಯ ಕಾಗದದಲ್ಲಿ ಬಂದಿರುವುದು.