ಬಾರ್ಸಿಲೋನದ ವಾದದಲ್ಲಿ ನಹ್ಮಾನಿದೀಸನ ಉತ್ತರ

ಕ್ರಿ. ಶ. 1263ನೆಯ ಜುಲೈ ತಿಂಗಳಿನಲ್ಲಿ ಅರಗಾನಿನ ಅರಸನಾದ ಮೊದಲನೆಯ ಜೇಮ್ಸನ ಸಮ್ಮುಖದಲ್ಲಿ ಬಾರ್ಸಿಲೋನ ನಗರದಲ್ಲಿ ನಡೆದ ಧರ್ಮವಾದವು ಯೆಹೂದ್ಯರ ವ್ಯಾಖ್ಯಾನಚರಿತ್ರೆಯಲ್ಲಿ ಒಂದು ತೊಡಕಾದ ಪ್ರಶ್ನೆಯನ್ನು ಉಳಿಸಿದೆ. ಕ್ರೈಸ್ತಪಕ್ಷದಲ್ಲಿ ವಾದಿಸಿದವನು, ಯೆಹೂದ್ಯನಾಗಿ ಹುಟ್ಟಿ ಮತಾಂತರ ಹೊಂದಿ ಡೊಮಿನಿಕನ್ ಸಂನ್ಯಾಸಿಯಾದ ಪಾಬ್ಲೊ ಕ್ರಿಸ್ತಿಯಾನಿ. ಪ್ರತಿವಾದಿಯು ಗಿರೋನದ ಮೋಶೆ ಬೆನ್ ನಹ್ಮಾನ್, ಎಂದರೆ ನಹ್ಮಾನಿದೀಸ್.

ಅದುವರೆಗಿನ ವಾದಗಳು ಹೆಚ್ಚಾಗಿ ಬೈಬಲ್ಲಿನ ಮೂಲವಾಕ್ಯಗಳನ್ನೇ ಹಿಡಿದು ನಡೆದಿದ್ದುವು. ಯೆಶಾಯನ ಗ್ರಂಥದ 7ನೆಯ ಅಧ್ಯಾಯದಲ್ಲಿರುವ ‘ಅಲ್ಮಾ’ ಎಂಬ ಪದಕ್ಕೆ ಕ್ರೈಸ್ತರು ಕನ್ಯೆಯೆಂದೂ ಯೆಹೂದ್ಯರು ತರುಣಿಯೆಂದೂ ಅರ್ಥಮಾಡುತ್ತಿದ್ದರು. ಅಂತಹ ಸ್ಥಳಗಳಲ್ಲಿ ಹೀಬ್ರೂ ಭಾಷೆಯ ಪ್ರಯೋಗವನ್ನು ತೋರಿಸಿ ಉತ್ತರ ಕೊಡುವುದು ಸಾಧ್ಯವಿತ್ತು. ಪಾಬ್ಲೊ ಹಿಡಿದ ದಾರಿಯೇ ಬೇರೆ. ಯೆಹೂದ್ಯರು ಪೂಜ್ಯವೆಂದೆಣಿಸುವ ತಾಲ್ಮುದ್, ಮಿದ್ರಾಶ್‌ಗಳಿಂದಲೇ ಮೆಸ್ಸೀಯನು ಬಂದಾಗಿದೆಯೆಂದು ಸಾಧಿಸಲು ಅವನು ಹೊರಟನು. ದೇವಾಲಯವು ಹಾಳಾದ ದಿನವೇ ಮೆಸ್ಸೀಯನು ಹುಟ್ಟಿದನೆಂಬ ಮಿದ್ರಾಶ್ ಕಥೆಯು ಅವನ ಆಧಾರಗಳಲ್ಲೊಂದು.

ನಹ್ಮಾನಿದೀಸನು ಹೀಬ್ರೂವಿನಲ್ಲಿ ಬರೆದಿಟ್ಟಿರುವ ವೃತ್ತಾಂತದಂತೆ, ಈ ಕಥೆಯನ್ನು ತಾನು ನಂಬುವುದಿಲ್ಲವೆಂದು ಅವನು ಮೊದಲೇ ಹೇಳಿಬಿಟ್ಟನು. ನಂಬಿದರೂ ಪ್ರತಿಪಕ್ಷಕ್ಕೆ ಲಾಭವಿಲ್ಲ. ದೇವಾಲಯ ಹಾಳಾದುದು ಕ್ರಿ. ಶ. 70ರಲ್ಲಿ, ಯೇಸು ಹುಟ್ಟಿದುದು ಅದಕ್ಕೆ ಬಹುಕಾಲ ಮುಂಚೆ. ಅಲ್ಲದೆ ಹುಟ್ಟುವುದು ಬೇರೆ, ಬರುವುದು ಬೇರೆ. ಧರ್ಮವಿಧಿಗಳಲ್ಲಿ ತಾಲ್ಮುದು ಪ್ರಮಾಣ. ಇಂತಹ ಕಥಾಭಾಗವಾದ ‘ಅಗ್ಗಾದ’ವಾದರೋ ಬಿಷಪ್ಪನ ಉಪದೇಶದಂತೆ, ಒಪ್ಪಿದವನಿಗೆ ಲೇಸು, ಒಪ್ಪದವನಿಗೆ ದೋಷವಿಲ್ಲ. (ಮೀಮಾಂಸಕರ ವಿಧಿ, ಅರ್ಥವಾದಗಳು ಇಲ್ಲಿ ನೆನಪಾಗುವುದು ಸಹಜ, ಆದರೆ ಅರ್ಥವಾದವು ವೇದದೊಳಗಿನದೇ ಆದುದರಿಂದ ಸಾಮ್ಯವು ಪೂರ್ಣವಲ್ಲ.)

ಇದು ಸಂಕಟದಲ್ಲಿ ಹೂಡಿದ ಉಪಾಯವೆಂಬುದು ಕೆಲವು ವಿದ್ವಾಂಸರ ಮತ. ಅವರ ಸಂಶಯಕ್ಕೆ ಕಾರಣವಿಲ್ಲದಿಲ್ಲ. ನಹ್ಮಾನಿದೀಸನು ಕಬ್ಬಾಲಾ ರಹಸ್ಯವಿದ್ಯೆಯಲ್ಲಿ ಶ್ರದ್ಧೆಯುಳ್ಳವನು. ಪೂರ್ವಪಿತೃಗಳಿಗೆ ನಡೆದುದೆಲ್ಲವೂ ಸಂತತಿಗೆ ಮುಂಗುರುತೆಂದು ಮಿದ್ರಾಶನ್ನೇ ಅನುಸರಿಸಿ ಅರ್ಥ ಹೇಳಿದವನು. ಆದರೆ ಆದಿಕಾಂಡದ 8ನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ ಅವನದೇ ಒಂದು ಮಾತಿದೆ: ರಾಶಿಯೇ ಕೆಲವೆಡೆ ಅಗ್ಗಾದವನ್ನು ಪರೀಕ್ಷಿಸಿ ಸರಳಾರ್ಥವನ್ನು ಅರಸುವುದರಿಂದ ತಮಗೂ ಆ ಅನುಮತಿ ದೊರೆತಿದೆಯೆಂದು. ಆ ವ್ಯಾಖ್ಯಾನವು ಸ್ವಜನರಿಗಾಗಿ ಬರೆದುದು. ಅಲ್ಲಿ ಅರಸನೂ ಇಲ್ಲ, ಎದುರಾಳಿಯೂ ಇಲ್ಲ. ಆದರಿಸುವುದಕ್ಕೂ ಕಟ್ಟುಬೀಳುವುದಕ್ಕೂ ಇರುವ ಅಂತರವನ್ನು ಅವನು ವಾದಕ್ಕಾಗಿಯೇ ಕಲ್ಪಿಸಿದನೆನ್ನುವುದು ಹಾಗಾದರೆ ಕಷ್ಟ.

ಕ್ರೈಸ್ತರ ಲ್ಯಾಟಿನ್ ವರದಿಯೂ ಗಮನಾರ್ಹವಾದುದು. ತನ್ನವರ ಗ್ರಂಥಗಳ ಪ್ರಮಾಣವನ್ನು ಅವನು ಬಹಿರಂಗವಾಗಿ ನಿರಾಕರಿಸಿದನೆಂದೂ, ಬೋಧಕರು ಜನರನ್ನು ಪ್ರೇರಿಸಲು ಸುಳ್ಳಾಡುವುದುಂಟೆಂದು ಹೇಳಿದನೆಂದೂ ಅದು ದೂರುತ್ತದೆ. ‘ಸುಳ್ಳು’ ಎಂಬ ಪದವು ಬರೆದವರದೇ ಎಂದು ತೋರುತ್ತದೆ. ಉಳಿದ ಸಾರಾಂಶವು ಹೀಬ್ರೂ ವೃತ್ತಾಂತಕ್ಕೆ ಹೊಂದುತ್ತದೆ.